ಖಾಲಿ ಹಾಳೆಯ ಬಿಳುಪು

ಮೂರನೆಯ ಸಲವೂ ಮೀಟರಿನ ಮೂತಿಯನ್ನು ಹಾಳೆಯ ಖಾಲಿ ಮೂಲೆಗೆ ಒತ್ತಿ ಗುಂಡಿ ಅದುಮಿದಾಗ ಬಂದದ್ದು ಅದೇ ಎಂಬತ್ತೊಂದು. ಗೌತಮಿ ಮೀಟರನ್ನು ಎತ್ತಿ ಅದರ ಗಾಜಿನ ಕಣ್ಣನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದಳು, ಡಬ್ಬಿಯೊಳಗಿನ ಬಿಳಿ ಬಿಲ್ಲೆಯ ಮೇಲಿಟ್ಟು ನೂರಕ್ಕೆ ಹೊಂದಿಸಿದಳು, ಮತ್ತೆ ಹಾಳೆಗೆ ಒತ್ತಿದಳು. ಎಂಬತ್ತು. ಇಳಿದಿತ್ತು. ತಾನು ನೋಡುತ್ತಿದ್ದಂತೆಯೇ ಅದು ಇನ್ನಷ್ಟು ಮಂಕಾಗುತ್ತಿದೆ ಅನ್ನಿಸಿ, ಹರಿದು ಮುದ್ದೆಮಾಡಿ ಎಸೆದುಬಿಡೋಣವೆನಿಸಿತು. ಏನನ್ನೂ ಹಚ್ಚದ ಮೂಲೆ ಅದು. ಬೆರಳಿನ ಬೆವರಿನಲ್ಲೂ ಅಮೈನೊ ಆಮ್ಲ ಇರುತ್ತದೆಂದು, ಈ ಮೇ ತಿಂಗಳ ಸೆಕೆಯಲ್ಲೂ ಒಂದರ ಮೇಲೊಂದು ಕೈಗವಸು ಹಾಕಿಕೊಂಡು, ಅಂಚನ್ನು ಮಾತ್ರ ಚಿಮಟಿಗೆಯಲ್ಲಿ ಹಿಡಿದು, ಕೂಸನ್ನು ಎತ್ತಿದ ಹಾಗೆ ಎತ್ತಿದ್ದಳು. ಆದರೂ ಹಾಳೆ ಬೆಳ್ಳಗಿರಲಿಲ್ಲ. ಸುಮ್ಮನೆ ನೋಡಿದರೆ ಬೆಳ್ಳಗೇ ಕಾಣುತ್ತಿತ್ತು. ಕಿಟಕಿಯ ಬೆಳಕಿಗೆ ಓರೆ ಹಿಡಿದರೆ ಮಾತ್ರ, ಅತ್ತು ಮುಗಿಸಿದವರ ಕಣ್ಣಂಚಿನಂಥ ತೆಳು ಗುಲಾಬಿ.

ಎರಡು ತಿಂಗಳಿಂದ ಇದೇ ಗುಲಾಬಿ. ಹಾಳೆಯ ಕೆಳಗಂಚಿನಲ್ಲಿ ಕಡಲೆಹಿಟ್ಟಿನ ಸಾರದ ಚುಕ್ಕೆಗಳನ್ನಿಟ್ಟು ದ್ರಾವಣದಲ್ಲಿ ನಿಲ್ಲಿಸಿದರೆ, ದ್ರಾವಣ ಹಾಳೆಯನ್ನು ಏರುತ್ತ ಒಂದೊಂದು ಅಮೈನೊ ಆಮ್ಲವನ್ನು ಒಂದೊಂದು ಎತ್ತರದಲ್ಲಿ ಬಿಟ್ಟುಹೋಗುತ್ತದೆ. ಆಮೇಲೆ ನಿನ್‌ಹೈಡ್ರಿನ್ ಸಿಂಪಡಿಸಿ ಕಾಯಿಸಿದರೆ ನೇರಳೆ ಕಲೆಗಳು ಏಳುತ್ತವೆ. ಆ ಕಲೆಗಳ ಮೇಲೆ ಬೆಳಕು ಬಿಟ್ಟು, ಎಷ್ಟು ವಾಪಸು ಬಂತೆಂದು ಅಳೆಯುವುದು ಅವಳ ಕೆಲಸ. ಬೆಳಕು ಕಡಿಮೆ ಮರಳಿದಷ್ಟೂ ಆಮ್ಲ ಹೆಚ್ಚು. ಅವಳು ಹುಡುಕುತ್ತಿದ್ದದ್ದು ಒಂದೇ ಕಲೆಯನ್ನು, ಲಾಖೋಡಿ ಬೇಳೆಯ ವಿಷವನ್ನು. ಈ ಕಡೆಯ ಹೊಲಗಳಲ್ಲಿ ನೀರು ಕಾಣದೆಯೂ ಬೆಳೆಯುವ ಅಗ್ಗದ ಬೇಳೆ ಅದು. ಕಡಲೆಹಿಟ್ಟಿಗೆ ಬೆರೆಸಿದರೆ ನಾಲಗೆಗೆ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ಅದನ್ನೇ ತಿಂದವರ ಕಾಲುಗಳು ಸೋತುಹೋಗಬಹುದು. ಒಂದು ಹಾಳೆ, ಅಂಗೈಯಗಲದ ಒಂದು ಮೀಟರು, ಇಷ್ಟರಲ್ಲೇ ಹಳೇ ಪೇಟೆ ಮಹಾಲಿನ ಯಾವ ಕಿರಾಣಿ ಅಂಗಡಿಯ ಮುಂದಾದರೂ ನಿಂತು ಹಿಟ್ಟನ್ನು ಪರೀಕ್ಷಿಸಬಹುದು ಎಂದು ಅವಳು ಬರೆದುಕೊಟ್ಟಿದ್ದಳು, ಬರೆದಾಗ ನಂಬಿಯೂ ಇದ್ದಳು. ವಿಷ ಸ್ವಲ್ಪವೇ ಇದ್ದಾಗ ಕಲೆ ತೆಳುವಾಗಿರುತ್ತದೆ. ಸುತ್ತಲಿನ ಬಿಳಿ ಬಿಳಿಯಾಗಿದ್ದರೆ ಮಾತ್ರ ಅದು ಮೀಟರಿನ ಲೆಕ್ಕಕ್ಕೆ ಸಿಗುತ್ತದೆ. ನಾಳೆ ದಿಲ್ಲಿಯಿಂದ ಕಮಿಟಿ ಬರುತ್ತದೆ. ಅವರೆದುರು ಒಂದು ಖಾಲಿ ಹಾಳೆಯಾದರೂ ಬೆಳ್ಳಗೆ ಬರದಿದ್ದರೆ ಯೋಜನೆ ಇಲ್ಲಿಗೆ ನಿಲ್ಲುತ್ತದೆ, ಅವಳ ಫೆಲೋಶಿಪ್ಪೂ ನಿಲ್ಲುತ್ತದೆ. ಲ್ಯಾಬಿನ ಮುಖ್ಯಸ್ಥೆ ರಮಾ ಮೇಡಂ ಇದನ್ನು ಸಿಟ್ಟಿನಿಂದ ಹೇಳಿರಲಿಲ್ಲ. ಚಹಾ ಕುಡಿಯುತ್ತ ಹೇಳಿದ್ದರು. ಗೌತಮಿಯನ್ನು ಚುಚ್ಚುತ್ತಿದ್ದದ್ದು ಆ ಚಹಾ.

"ಕಂಪ್ಯೂಟರ್‌ನಲ್ಲಿ ಆ ಗುಲಾಬಿನ ಕಳೆದುಬಿಡು, ಯಾರು ನೋಡ್ತಾರೆ?" ಎಂದ ಸಂಕೇತ್, ಕೂಲರಿನ ಎದುರು ಅಂಗಿಯ ಕಾಲರು ಬಿಚ್ಚಿ ನಿಂತು. ಪಕ್ಕದ ಮೇಜಿನವನು ಅವನು. ಇಬ್ಬರದೂ ಅರ್ಧ ಮರಾಠಿ ಅರ್ಧ ಹಿಂದಿಯ ಮಾತು.

"ಎಲ್ಲಾ ಕಡೆ ಒಂದೇ ಸಮ ಇದ್ರೆ ಕಳೀಬಹುದು. ಈ ಅಂಚಲ್ಲಿ ಜಾಸ್ತಿ, ಆ ಅಂಚಲ್ಲಿ ಕಡಿಮೆ. ಯಾವುದನ್ನ ಕಳೀಲಿ?"

"ಹಾಗಾದ್ರೆ ನಿನ್ನ ಮುಖದಿಂದ ಆ ಸಿಟ್ಟನ್ನ ಕಳಿ. ಅದು ಎಲ್ಲಾ ಕಡೆ ಒಂದೇ ಸಮ ಇದೆ."

ಅವಳು ನಗಲಿಲ್ಲ. ಕಿಟಕಿಗೆ ಕೂರಿಸಿದ ಕೂಲರು ತನ್ನ ಒದ್ದೆ ಹುಲ್ಲಿನ ವಾಸನೆಯನ್ನು ಧಪಧಪನೆ ಒಳಕ್ಕೆ ನೂಕುತ್ತಿತ್ತು. ಅದನ್ನು ಒಂದು ಗಂಟೆ ಆರಿಸಿ ನೋಡೋಣವೆಂದು ಹೋದ ವಾರ ಕೇಳಿದ್ದಕ್ಕೆ ಇಡೀ ಕೋಣೆ ಅವಳತ್ತ ತಿರುಗಿ, ನೀರು ಕೊಡದ ಮನೆಯವರನ್ನು ನೋಡುವ ಹಾಗೆ ನೋಡಿತ್ತು. ಕಿಟಕಿ ಮುಚ್ಚುವ ಹಾಗೂ ಇರಲಿಲ್ಲ. ದ್ರಾವಣದ ಹೊಗೆ ಎಳೆಯುವ ಫ್ಯಾನು ಕೆಟ್ಟು ಯಾವುದೋ ಕಾಲವಾಗಿತ್ತು. ನಿನ್‌ಹೈಡ್ರಿನ್ ಬಾಟಲಿ ಬದಲಿಸಿ ನೋಡಿದ್ದಾಯಿತು, ನೀರು ಬದಲಿಸಿದ್ದಾಯಿತು, ಹಾಳೆ ಕಾಯಿಸುವ ಓವನ್ ತೊಳೆದದ್ದಾಯಿತು. ಕಡೆಗೆ ಅವಳು ತನ್ನನ್ನೇ ಅನುಮಾನಿಸತೊಡಗಿದ್ದಳು. ತನ್ನ ಉಸಿರಿನಿಂದಲೋ, ಬೆವರಿನಿಂದಲೋ, ಕೂದಲಿನಿಂದಲೋ ಏನೋ ಹೊರಟು ಹಾಳೆಯನ್ನು ಮುಟ್ಟುತ್ತಿದೆ. ತಾನಿಲ್ಲದ ಕಡೆ ಎಲ್ಲ ಹಾಳೆಗಳೂ ಬೆಳ್ಳಗಿರುತ್ತವೆ. ಆ ಯೋಚನೆಯಲ್ಲಿ ಒಂಥರಾ ನೆಮ್ಮದಿಯೂ ಇತ್ತು; ತಪ್ಪು ತನ್ನದೇ ಆದರೆ ಯಾರನ್ನೂ ಕೇಳಬೇಕಾಗಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಸ್ವಲ್ಪ ಸರಿದು ಕೂತರೆ ಅವರಿಗೂ ಗೊತ್ತಾಗಿದೆ ಅನ್ನಿಸುತ್ತಿತ್ತು.

ಇವತ್ತು ಬೆಳಿಗ್ಗೆ ಬೇರೇನೂ ತೋಚದೆ ಮೂರು ಖಾಲಿ ಹಾಳೆಗಳನ್ನು ಮೂರು ಕಡೆ ಇಟ್ಟಿದ್ದಳು. ಒಂದು ಮೇಡಂ ಅವರ ಏಸಿ ಕೋಣೆಯಲ್ಲಿ, ಒಂದು ಬೀಗ ಹಾಕಿದ ಕಪಾಟಿನಲ್ಲಿ, ಒಂದು ಕೂಲರಿನ ಬಾಯೆದುರು. ಈಗ ಅವನ್ನು ತಂದು ಒಂದೇ ಬಾಟಲಿಯಿಂದ ಸಿಂಪಡಿಸಿ ಒಟ್ಟಿಗೆ ಓವನ್ನಿನಲ್ಲಿಟ್ಟಳು. ಹೊರತೆಗೆದಾಗ ಮೀಟರು ಬೇಕಾಗಲಿಲ್ಲ. ಏಸಿ ಕೋಣೆಯದು ಬಿಳಿ, ಕಪಾಟಿನದು ಬಿಳಿ. ಕೂಲರಿನ ಮುಂದಿದ್ದದ್ದು ಒಗೆಯುವಾಗ ಬಣ್ಣ ಬಿಟ್ಟ ಸೀರೆಯ ಜೊತೆ ನೆನೆದ ಬನಿಯನ್ನಿನ ಹಾಗಿತ್ತು. ಅವಳ ಎದೆ ಹಗುರಾಯಿತು. ಎರಡು ತಿಂಗಳ ಮೇಲೆ ಮೊದಲ ಸಲ ಅವಳು ಸಂಕೇತನನ್ನು ಹೆಸರು ಹಿಡಿದು ಕೂಗಿದಳು.

"ಗಾಳಿ! ಗಾಳೀಲಿ ಅಮೋನಿಯಾ ಇದೆ. ಕೂಲರು ಹೊರಗಿಂದ ಎಳ್ಕೊಂಡು ಬರ್ತಿದೆ. ಅಮೋನಿಯಾ ತಾಗಿದ್ರೂ ನಿನ್‌ಹೈಡ್ರಿನ್ ಇದೇ ಬಣ್ಣ ಕೊಡುತ್ತೆ. ನನಗೆ ಯಾಕೆ ಹೊಳೀಲಿಲ್ಲ? ಆದ್ರೆ ಹೊರಗೆ ಎಲ್ಲಿಂದ?"

ಸಂಕೇತ್ ಹಾಳೆಯನ್ನು ನೋಡಿದ, ಕೂಲರನ್ನು ನೋಡಿದ, ನಗಬೇಕಾದವನು ನಗದೆ ಕೊರಳು ಕೆರೆದುಕೊಂಡ. "ಹಿಂದಿನ ಗಲ್ಲಿ," ಎಂದ. "ಗೋಡೆ ಇದೆಯಲ್ಲ. ಎಲ್ಲರೂ ಅಲ್ಲೇ ನಿಲ್ತಾರೆ. ಆಟೋದವರು, ಸದರ್ ಬಜಾರಿಗೆ ಬಂದವರು. ಯಾರ್ಯಾರೋ."

ಆಗಲೇ ಬಾಗಿಲಲ್ಲಿ ರಮಾ ಮೇಡಂ ನಿಂತಿದ್ದರು. ವಿಷಯ ತಿಳಿದು ಮೊದಲು ಅವರಿಗೆ ಬಂದದ್ದು ನಗು. "ಅಂದ್ರೆ ಎರಡು ತಿಂಗಳಿಂದ ನನ್ನ ಫೆಲೋ ಸದರ್‌ನ ಗಂಡಸರ ಮೂತ್ರ ಅಳೀತಿದ್ದಾಳೆ! ಅದೂ ದಶಾಂಶದ ಲೆಕ್ಕದಲ್ಲಿ." ಕೋಣೆ ನಕ್ಕಿತು. ಗೌತಮಿಯೂ ನಕ್ಕಳು; ನಗದಿದ್ದರೆ ಇನ್ನೂ ನಗುತ್ತಾರೆ. ಗೋಡೆಗೆ ದೇವರ ಚಿತ್ರದ ಟೈಲ್ಸ್ ಹಾಕಿಸೋಣ, ಆಗ ಯಾರೂ ನಿಲ್ಲೋದಿಲ್ಲ ಎಂದು ಯಾರೋ ಅಂದರು. "ನನ್ನ ಗೋಡೆಗೆ ಯಾವ ದೇವರೂ ಕಾವಲು ಬೇಡ," ಎಂದರು ಮೇಡಂ. "ಗೇಟಿನ ವಾಚ್‌ಮನ್ ಗೋವಿಂದ ಇದ್ದಾನೆ. ಮಧ್ಯಾಹ್ನದಿಂದಲೇ ಅಲ್ಲಿ ಕುರ್ಚಿ ಹಾಕ್ಕೊಂಡು ಕೂರಲಿ. ಗೋಡೆ ತೊಳೆಸಿ, ಸುಣ್ಣ ಹಾಕಿಸಿ. ನಿಂತವನ ಹಿಂದೆ ಸೀಟಿ ಊದಬೇಕು, ಫೋಟೋ ತೆಗೀಬೇಕು. ಎರಡು ಫೋಟೋ ಗ್ರೂಪಿಗೆ ಹೋದ್ರೆ ಮೂರನೆಯವನು ಬರಲ್ಲ. ನಾಳೆ ಹತ್ತು ಗಂಟೆಗೆ ನನಗೆ ಬಿಳಿ ಹಾಳೆ ಬೇಕು, ಗೌತಮಿ." ಅವರು ಅವಳ ಬೆನ್ನು ತಟ್ಟಿದರು. "ಶಾಬಾಶ್. ಕಂಡುಹಿಡಿದೆಯಲ್ಲ."

ಆ ತಟ್ಟಿದ ಜಾಗ ಇನ್ನೂ ಬೆಚ್ಚಗಿದ್ದಾಗಲೇ ಜೇಬಿನಲ್ಲಿ ಫೋನು ಒಂದು ಸಲ ಗುಂಯ್ ಎಂದು ಸುಮ್ಮನಾಯಿತು. ಅಪ್ಪನ ಮಿಸ್ ಕಾಲ್. ಬಂದಿದ್ದೇನೆ, ಕೆಳಗಿಳಿ ಎಂದು ಅರ್ಥ. ಆರ್ಡ್‌ನನ್ಸ್ ಫ್ಯಾಕ್ಟರಿಯಲ್ಲಿ ಫಿಟ್ಟರಾಗಿದ್ದು ನಿವೃತ್ತನಾದ ಗುಂಡಪ್ಪನಿಗೆ ಈಗ ಇದ್ದ ಡ್ಯೂಟಿ ಇದೊಂದೇ: ಊರಂಚಿನ ವಾಡಿಯ ಮನೆಯಿಂದ ಹೆಂಡತಿ ಲಕ್ಷ್ಮವ್ವ ಮಾಡಿಕೊಟ್ಟ ಬಿಸಿರೊಟ್ಟಿಯನ್ನು ಹಳೇ ಸ್ಕೂಟರಿನ ಮೇಲೆ, ಊರನ್ನು ಅಡ್ಡ ಹಾಯ್ದು, ಮಗಳಿಗೆ ಮುಟ್ಟಿಸುವುದು. ಲ್ಯಾಬಿನಲ್ಲಿ ಊಟ ಇಡುವಂತಿಲ್ಲ, ಹೊರಗಿನದು ತಿನ್ನಬ್ಯಾಡ ಎಂಬ ನೆಪ. ಬೇಡವೆಂದು ಅವಳು ಎಷ್ಟು ಸಲ ಹೇಳಿದ್ದಳು. ಲ್ಯಾಬಿನವರು ಅವನಿಗೆ 'ಟಿಫಿನ್ ಕಾಕಾ' ಎಂದು ಹೆಸರಿಟ್ಟ ಮೇಲಂತೂ ಸ್ವಲ್ಪ ಗಟ್ಟಿಯಾಗಿಯೇ ಹೇಳಿದ್ದಳು. ಯಾಕೋ ಏನೋ, ಇವತ್ತು ಅವಳು ಮೆಟ್ಟಿಲಿನ ಕಡೆ ಹೋಗದೆ ಕಿಟಕಿಗೆ ಹೋದಳು. ಕೂಲರಿನ ಪಕ್ಕದ ಸಂದಿಗೆ ಮುಖ ಒತ್ತಿ ಮೊದಲ ಸಲ ಆ ಗೋಡೆಯನ್ನು ನೋಡಿದಳು.

ನಾಲ್ಕು ಬೆನ್ನುಗಳಿದ್ದವು. ಮೂರು ಮುಗಿಸಿ ಹೋದವು. ನಾಲ್ಕನೆಯದು ಹೋಗಲಿಲ್ಲ. ತಿಳಿನೀಲಿ ಅಂಗಿ, ಹೆಗಲ ಹೊಲಿಗೆಯ ಹತ್ತಿರ ಬಿಸಿಲಿಗೆ ಬೆಳ್ಳಗಾದ ಫ್ಯಾಕ್ಟರಿಯ ಅಂಗಿ. ಎಡ ಮೊಣಕೈಯಲ್ಲಿ ತೂಗುಬಿದ್ದ ಹಸಿರು ಚೀಲ, ಚೀಲದೊಳಗೆ ಅವಳ ಡಬ್ಬಿ. ಇನ್ನೊಂದು ಕೈಯನ್ನು ಅವನು ಗೋಡೆಗೆ ಊರಿದ್ದ, ತಲೆಯನ್ನು ಆ ಕೈಗೆ ಆನಿಸಿದ್ದ, ದಣಿದ ಎತ್ತು ಕಂಬಕ್ಕೆ ಆನಿಸಿದ ಹಾಗೆ. ಎಷ್ಟು ಹೊತ್ತು. ಹಿಂದೆ ಇನ್ನಾರೋ ಬಂದು, ಕಾದು, ಬೇಸತ್ತು, ಅತ್ತ ಸರಿದು ಮುಗಿಸಿ ಹೋದರು. ಅವನು ನಿಂತೇ ಇದ್ದ. ಮೂತ್ರ ಕಟ್ಟುವುದಕ್ಕೆ ಡಾಕ್ಟರು ಆಪರೇಶನ್ ಅಂದಿದ್ದರು, ನನಗೇನೂ ಆಗಿಲ್ಲ ಎಂದು ಅವನು ಎದ್ದು ಬಂದಿದ್ದ; ಅದನ್ನು ಲಕ್ಷ್ಮವ್ವ ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದಳು, ಗೌತಮಿ ಕೇಳಿಸಿಕೊಂಡೂ ಸಾರು ಬಡಿಸಿಕೊಂಡಿದ್ದಳು. ಅವಳಿಗೆ ಚೀಲದ ಹಿಡಿಕೆ ನೆನಪಾಯಿತು. ದಿನಾ ಅದು ಒದ್ದೆಯಾಗಿರುತ್ತಿತ್ತು. ಅಪ್ಪನ ಅಂಗೈ ಬೆವರು ಅಂದುಕೊಂಡಿದ್ದಳು, ಹಿಡಿಯುವಾಗ ಸ್ವಲ್ಪ ಅಸಹ್ಯಪಟ್ಟುಕೊಂಡೂ ಇದ್ದಳು. ಈಗ ಕೆಳಗೆ ಅವನು ತಿರುಗಿ, ಸ್ಕೂಟರಿನ ಬುಟ್ಟಿಯಿಂದ ಬಾಟಲಿ ತೆಗೆದು, ಒಂದು ಕೈಗೆ, ಆಮೇಲೆ ಇನ್ನೊಂದು ಕೈಗೆ, ಪೂಜೆಗೆ ಕೂರುವವನಷ್ಟು ಶ್ರದ್ಧೆಯಿಂದ ನೀರು ಸುರಿದುಕೊಳ್ಳುತ್ತಿದ್ದ. ಒದ್ದೆ ಕೈಯಿಂದಲೇ ಚೀಲವನ್ನು ನೆಟ್ಟಗೆ ಹಿಡಿದುಕೊಂಡ.

"ನಿನಗೆ ಗೊತ್ತಿತ್ತು," ಎಂದಳು ಗೌತಮಿ, ತಿರುಗದೆಯೇ.

ಸಂಕೇತ್ ಹಿಂದೆ ನಿಂತಿದ್ದ. "ದಿನಾ ಇಲ್ಲೇ ನಿಂತು ಚಹಾ ಕುಡೀತೀನಿ. ಏನಂತ ಹೇಳಲಿ ನಿನಗೆ? ಅಲ್ಲದೆ ಕಾಕಾ ಒಬ್ಬರೇ ಏನಲ್ಲ. ನೂರು ಜನ."

ನೂರು ಜನ. ನೂರು ಜನರಲ್ಲಿ ಒಂದು ಪಾಲು. ಗುಲಾಬಿಯಲ್ಲಿ ಅಪ್ಪನ ಪಾಲೆಷ್ಟೆಂದು ಮೀಟರಿಗೆ ಹೇಳಲಾಗುವುದಿಲ್ಲ ಎಂಬ ಯೋಚನೆ ಬಂದು, ಅಂಥ ಯೋಚನೆ ಬಂದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಅಪ್ಪ ಡಬ್ಬಿ ತಂದ ಮೊದಲ ದಿನ ಗೇಟಿನಲ್ಲಿ ಗೋವಿಂದನನ್ನು ಕೇಳಿದ್ದ. ಕೇಳಿದ್ದು ಮರಾಠಿಯಲ್ಲಿ, ಮೂವತ್ತು ವರ್ಷ ಫ್ಯಾಕ್ಟರಿಯಲ್ಲಿ ಕಲಿತ, ಇನ್ನೂ ಧಾರವಾಡದ ಧಾಟಿ ಬಿಡದ ಮರಾಠಿಯಲ್ಲಿ: ಒಳಗೆ ಒಂದು ನಿಮಿಷ ಹೋಗಿ ಬರಬಹುದಾ, ಭಾವೂ? ಕಾಮಠಿಯ ಕ್ಯಾಂಟೋನ್ಮೆಂಟಿನಲ್ಲಿ ಹವಾಲ್ದಾರನಾಗಿದ್ದ ಗೋವಿಂದ ಸಭ್ಯನಾಗಿಯೇ, ಹೊರಗಿನವರಿಗೆ ಇಲ್ಲ ಕಾಕಾ, ರೂಲ್ ಇದೆ ಅಂದಿದ್ದ. ಗೌತಮಿ ಅಲ್ಲೇ ಇದ್ದಳು. ಮೇಡಂ ಅವರ ಕಾರು ಆಗತಾನೇ ಒಳಬರುತ್ತಿತ್ತು. ಅವಳು ಫೋನು ತೆಗೆದು ಅದರೊಳಗೆ ಏನನ್ನೋ ಬಹಳ ಗಮನವಿಟ್ಟು ಓದಿದ್ದಳು. ಅಪ್ಪ ಅವಳ ಕಡೆ ನೋಡಿದನೋ ಇಲ್ಲವೋ ಗೊತ್ತಿಲ್ಲ. ಅದು ಗೊತ್ತಾಗಬಾರದೆಂದೇ ಓದುತ್ತಿದ್ದಳು. ಅವನು ಮತ್ತೆಂದೂ ಕೇಳಲಿಲ್ಲ.

ಅವಳು ಚಿಕ್ಕವಳಿದ್ದಾಗ ಫ್ಯಾಕ್ಟರಿ ಕಾಲೊನಿಯ ಧ್ವಜಾರೋಹಣ. ಸಾಲಿನಲ್ಲಿ ನಿಂತ ಹುಡುಗಿ, ಟೀಚರಿಗೆ ಬೆರಳೆತ್ತಿ ಕೇಳಲು ನಾಚಿಕೆಪಟ್ಟು, ಹಾಡು ಮುಗಿಯುವವರೆಗೆ ತಡೆದೇನೆಂದು ನಂಬಿ, ತಡೆಯಲಾಗದೆ, ಬಿಳಿ ಸ್ಕರ್ಟಿನ ಕೆಳಗೆ ಬಿಳಿ ಕಾಲುಚೀಲಗಳು ಬೆಚ್ಚಗಾಗುವುದನ್ನು ನೋಡುತ್ತಿದ್ದಾಗ, ಅಪ್ಪ ಎಲ್ಲಿಂದಲೋ ಬಂದ. ಬಂದವನು ಏನನ್ನೂ ಕೇಳಲಿಲ್ಲ. ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಎಡವಿದವನ ಹಾಗೆ ಅವಳ ಮೇಲೆ ಪೂರಾ ಸುರಿದ, ತನ್ನ ಪ್ಯಾಂಟಿನ ಮೇಲೂ ಸುರಿದುಕೊಂಡ. "ಅಯ್ಯಯ್ಯ, ನನ್ನ ಕೈ ಸುಡ್ಲಿ, ಹುಡುಗಿನ್ನ ತೋಯ್ಸಿಬಿಟ್ನಲ್ರಿ!" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದ. ಫೋರ್‌ಮನ್ ಸಾಹೇಬರು, ಗುಂಡಪ್ಪಾ, ನಿನಗೆ ಬಾಟಲಿ ಹಿಡಿಯೋಕೂ ಬರೋದಿಲ್ಲವಲ್ಲೋ ಎಂದು ನಕ್ಕರು. ಅಪ್ಪನೂ ನಕ್ಕ. ಮನೆಯವರೆಗೆ ಒದ್ದೆ ಪ್ಯಾಂಟಿನಲ್ಲಿ, ಎಲ್ಲರ ಎದುರು ನಡೆದ. ಆಮೇಲೆ ಯಾವತ್ತೂ ಅದರ ಮಾತೆತ್ತಲಿಲ್ಲ, ಅವ್ವನೆದುರೂ.

ಕೆಳಗಿನಿಂದ ಕುರ್ಚಿ ಎಳೆಯುವ ಸದ್ದು ಬಂತು. ಗೋವಿಂದ ಹೊರಟಿದ್ದ. ಗೌತಮಿ ಮೇಡಂ ಅವರ ಕೋಣೆಗೆ ಹೋಗಿ, ಬಾಗಿಲಲ್ಲೇ ನಿಂತು, ಸ್ಟಾಫ್ ಟಾಯ್ಲೆಟ್ಟಿನ ಕೀಲಿ ಬೇಕಿತ್ತು ಎಂದಳು. "ಗಂಡಸರದ್ದು."

ಮೇಡಂ ಕನ್ನಡಕದ ಮೇಲಿನಿಂದ ನೋಡಿದರು. "ಗಂಡಸರದ್ದು ನಿನಗ್ಯಾಕೆ?"

"ಅಲ್ಲೊಂದು ನಲ್ಲಿ ಸೋರುತ್ತಂತೆ, ಮೇಡಂ. ನಮ್ಮಪ್ಪ ಫಿಟ್ಟರ್. ಇಲ್ಲೇ ಬಂದಿದ್ದಾರೆ. ನೋಡ್ತಾರೆ." ಮಾತು ಬಾಯಿಂದ ಬಿದ್ದ ಮೇಲೆಯೇ ಅವಳಿಗೆ ಅದು ಎಷ್ಟು ಚೆಂದದ ಸುಳ್ಳೆಂದು ಗೊತ್ತಾಯಿತು. ಮೇಡಂ ಒಂದು ಕ್ಷಣ ಅವಳ ಮುಖವನ್ನೇ ನೋಡಿದರು. ಅವರಿಗೆ ಅರ್ಥವಾಯಿತೋ, ಅವಸರವಿತ್ತೋ, ಡ್ರಾಯರ್ ಎಳೆದು ಕೀಲಿಯನ್ನು ಮೇಜಿನ ಮೇಲಿಟ್ಟರು. "ದಿನಾ ಬರ್ತಾರಲ್ಲ? ಅವರ ಹತ್ರಾನೇ ಇರಲಿ. ಗೋವಿಂದನಿಗೆ ಹೇಳ್ತೀನಿ, ಬಿಡು ಅಂತ."

ಇಷ್ಟು ಸುಲಭವಿತ್ತು. ಮೆಟ್ಟಿಲಿಳಿಯುವಾಗ ಅವಳಿಗೆ ಅದೇ ತಡೆಯಲಾಗಲಿಲ್ಲ. ಮೊದಲ ದಿನವೇ ಕೇಳಿದ್ದರೆ ಮೊದಲ ದಿನವೇ ಸಿಗುತ್ತಿತ್ತು. ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ಗಲ್ಲಿಯ ತಿರುವಿನಲ್ಲಿ ಗೋವಿಂದ ಕುರ್ಚಿಯನ್ನು ತಲೆಯ ಮೇಲೆ ಬೋರಲು ಹೊತ್ತು ಬರುತ್ತಿದ್ದ, ಕೊರಳಲ್ಲಿ ಸೀಟಿ. "ಬೇಟಾ, ಇವತ್ತಿಂದ ಒಬ್ಬನನ್ನೂ ಬಿಡೋದಿಲ್ಲ," ಎಂದು ಉತ್ಸಾಹದಿಂದ ಕೂಗಿದ. "ಮೊದಲು ಸೀಟಿ, ಆಮೇಲೆ ಫೋಟೋ!"

ಗುಂಡಪ್ಪ ಬೇವಿನ ಮರದಡಿ ಸ್ಕೂಟರಿಗೆ ಒರಗಿ ನಿಂತಿದ್ದ. ಬಾಯಿಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ ಚೀಲ ಮುಂದೆ ಹಿಡಿದ. "ಬಾ ಯವ್ವಾ, ಜಲ್ದಿ ಹಿಡಿ. ರೊಟ್ಟಿ ಆರತಾವ. ಬದನಿಕಾಯಿ ಪಲ್ಯ ಐತಿ, ನಿಮ್ಮವ್ವ ಎಣ್ಣಿ ಸುರದು ಮಾಡ್ಯಾಳ. ಮಾರಿ ಯಾಕ ಹಿಂಗಾಗೇತಿ?"

"ಏನಿಲ್ಲಪ್ಪಾ." ಅವಳು ಚೀಲದ ಹಿಡಿಕೆಯನ್ನು ಹಿಡಿದಳು. ಒದ್ದೆಯಾಗಿತ್ತು. ಬಿಗಿಯಾಗಿ ಹಿಡಿದಳು.

"ಆ ನಿನ್ನ ಹಾಳಿ ಬೆಳ್ಳಗ ಬಂತೇನು?"

ದಿನಾ ಕೇಳುತ್ತಿದ್ದ ಪ್ರಶ್ನೆ. ಏನೆಂದು ಅವನಿಗೆ ಅರ್ಥವಾಗುತ್ತಿರಲಿಲ್ಲ. ಲಕ್ಷ್ಮವ್ವನಿಗೆ ಅವನು ವಿವರಿಸುವುದನ್ನು ಅವಳು ಕೇಳಿದ್ದಳು: ಮಗಳು ಹಾಳಿ ಬೆಳ್ಳಗ ಮಾಡಾಕತ್ಯಾಳ, ಅದು ಆಗವಲ್ದು. "ನಾಳೆ ಬರತೇತಿ," ಎಂದಳು. ಆಮೇಲೆ, ದಾರಿಯುದ್ದಕ್ಕೂ ಬಾಯಲ್ಲಿಟ್ಟುಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿದಳು. "ಅಪ್ಪಾ, ಒಳಗ ಒಂದು ನಲ್ಲಿ ಸೋರಾಕತ್ತೇತಿ. ಯಾರ ಕೈಲೂ ಆಗವಲ್ದಂತ. ನಮ್ಮಪ್ಪ ಮಾಡ್ತಾನ ಅಂತ ಮೇಡಂಗ ಹೇಳೇನಿ. ದಿನಾ ಬಂದಾಗ ಒಂಚೂರು ನೋಡಿ ಹೋಗ್ತೀಯೇನು?"

ಗುಂಡಪ್ಪನ ಮುಖದಲ್ಲಿ ಏನೋ ಹೊತ್ತಿಕೊಂಡಿತು. ಬೆನ್ನು ನೆಟ್ಟಗಾಯಿತು. "ವಾಯ್ಸರ್ ಹೋಗಿರಬೇಕ. ಇವತ್ತಿನ ಮಂದಿಗೆ ನಲ್ಲಿ ತಿರುವಾಕ ಬರತೇತಿ, ಬಿಚ್ಚಾಕ ಬರೂದಿಲ್ಲ. ಪಾನಾ ಗಾಡ್ಯಾಗ ಐತಿ. ಎಷ್ಟು ಇಂಚಿಂದು?" ಅವನು ಆಗಲೇ ಸೀಟಿನ ಕೆಳಗೆ ಕೈ ಹಾಕಿ ಸ್ಪ್ಯಾನರನ್ನು ಹೊರತೆಗೆದಿದ್ದ. ಅವನ ಅಂಥ ಮುಖವನ್ನು ಅವಳು ನಿವೃತ್ತಿಯ ಹಾರ ಹಾಕಿದ ದಿನದಿಂದ ನೋಡಿರಲಿಲ್ಲ. ಇದು ನಡೆಯುತ್ತದೆ, ನಡೆದುಬಿಟ್ಟಿತು ಎಂದುಕೊಂಡು ಅವಳು ಕೀಲಿಯನ್ನು ಅವನ ಅಂಗೈಗೆ ಹಾಕಿದಳು.

ಕೀಲಿಗೊಂದು ತಗಡಿನ ಬಿಲ್ಲೆ ಕಟ್ಟಿತ್ತು. ಅವಳು ಅದನ್ನು ನೋಡಿರಲಿಲ್ಲ. ಗುಂಡಪ್ಪ, ಫ್ಯಾಕ್ಟರಿಯಲ್ಲಿ ಯಾವ ಕೀಲಿ ಕೊಟ್ಟರೂ ಮೊದಲು ಬಿಲ್ಲೆ ಓದುವ ರೂಢಿಯವನು, ಅದನ್ನು ಕಣ್ಣಿನಿಂದ ದೂರ ಹಿಡಿದು, ಮರಾಠಿಯ ಅಕ್ಷರಗಳನ್ನು ತುಟಿಯಲ್ಲೇ ಕೂಡಿಸಿಕೊಂಡ. ಪುರುಷ ಶೌಚಾಲಯ. ಅವನು ಪಾನಾವನ್ನು ಮೆಲ್ಲಗೆ ಸೀಟಿನ ಕೆಳಗೆ ವಾಪಸು ಇಟ್ಟ. ತಲೆಯೆತ್ತಿ ಮಹಡಿಯ ಕಿಟಕಿಯನ್ನು, ಕಿಟಕಿಯಿಂದ ಹೊರಚಾಚಿದ ಕೂಲರನ್ನು ನೋಡಿದ; ಅಲ್ಲಿಂದ ಕಣ್ಣು ಗೋಡೆಗೆ ಇಳಿಯಿತು, ಗೋಡೆಯೆದುರು ಕುರ್ಚಿ ಹಾಕಿಕೊಳ್ಳುತ್ತಿದ್ದ ಗೋವಿಂದನ ಕೊರಳಿನ ಸೀಟಿಗೆ ಬಂತು. ಆಮೇಲೆ ಅವಳನ್ನು ನೋಡಿದ. ಅವಳಿಗೆ ಫೋನು ತೆಗೆಯಬೇಕೆನಿಸಿತು. ತೆಗೆಯಲಿಲ್ಲ.

"ನಲ್ಲಿ ಖರೇನ ಸೋರತೇತಪ್ಪಾ," ಎಂದಳು. "ಮೇಡಂ ತಾವಾಗೇ ಕೊಟ್ಟಾರ. ಇಟ್ಟುಕೋ. ಯಾರೂ ಏನೂ ಅನ್ನೂದಿಲ್ಲ."

ಗುಂಡಪ್ಪ ಕೀಲಿಯನ್ನು ಅವಳ ಕೈಯಲ್ಲಿದ್ದ ಚೀಲದೊಳಗೆ, ಡಬ್ಬಿಯ ಮುಚ್ಚಳದ ಮೇಲೆ, ಸದ್ದಾಗದ ಹಾಗೆ ಇಟ್ಟ. ಟವೆಲ್ಲನ್ನು ಮತ್ತೆ ಬಾಯಿಗೆ ಸುತ್ತಿಕೊಂಡ. ಸ್ಕೂಟರಿಗೆ ಒಂದು ಒದೆ ಕೊಟ್ಟ, ಹತ್ತಲಿಲ್ಲ, ಇನ್ನೊಂದು ಕೊಟ್ಟ.

"ಅಪ್ಪಾ, ಇಟ್ಟುಕೋ ಅಂದ್ರ."

"ಒಲ್ಲೆ," ಎಂದ ಗುಂಡಪ್ಪ.